ಅಡುಗೆಮನೆಯ ಇಂಗ್ಲಿಷ್ ಟೀಚರ್

ವಲಸೆ ಇಲಾಖೆಯ ಜೀಪು ಶಾಲೆಯ ಗೇಟಿಗೆ ಬಂದಾಗಲೆಲ್ಲ ನನ್ನ ಅಡುಗೆಮನೆಗೆ ಒಬ್ಬ ಇಂಗ್ಲಿಷ್ ಟೀಚರ್ ಮುಸುರೆ ತಿಕ್ಕಲು ಬರುತ್ತಿದ್ದಳು.

ಮೊದಲ ಸಲ ಬಂದದ್ದು ಜೂನ್ ತಿಂಗಳಲ್ಲಿ. ಬೆಳಿಗ್ಗೆ ಒಂಬತ್ತೂವರೆ. ನಾನು ನಾನೂರು ಮಕ್ಕಳ ಸಾರಿಗೆ ಕುಂಬಳಕಾಯಿ ಹೆಚ್ಚುತ್ತಿದ್ದೆ. ಮ್ಯಾನೇಜರ್ ವಿಚಿಯನ್ ಓಡುತ್ತಾ ಬಂದ. ಅವನು ಓಡುವ ಆಳಲ್ಲ, ಹೊಟ್ಟೆ ಬಿಡುವುದಿಲ್ಲ. ಅವತ್ತು ಓಡಿದ. ಅವನ ಹಿಂದೆ ಒಬ್ಬ ಹೆಂಗಸು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬೋರ್ಡಿಗೆ ಬರೆಯುವ ನೀಲಿ ಪೆನ್ನು. ಕ್ಲಾಸುಗಳ ಕಡೆ ನಾನು ಕಾಲಿಡುವುದಿಲ್ಲ, ಅವಳನ್ನು ಎಂದೂ ನೋಡಿರಲಿಲ್ಲ.

"ಲಮ್‌ದುವನ್, ಇವಳಿಗೊಂದು ಏಪ್ರನ್ ಕೊಡು. ಮುಸುರೆ ಮುಂದೆ ಕೂರಿಸು. ಯಾರಾದ್ರೂ ಕೇಳಿದ್ರೆ ಸುರಿನ್ ಜಿಲ್ಲೆ ಕಡೆ ನಿನ್ನ ತಂಗಿ ಮಗಳು ಅನ್ನು. ಮೂಗಿ ಅನ್ನು."

"ನನಗೆ ತಂಗೀನೇ ಇಲ್ವಲ್ಲ."

"ಇವತ್ತಿಂದ ಇದಾಳೆ."

ಅಷ್ಟು ಹೇಳಿ ಓಡಿದ. ಹೆಂಗಸು ನಿಂತೇ ಇದ್ದಳು. ನಾನು ಏಪ್ರನ್ ಕೊಟ್ಟೆ. ಮೀನಿನ ವಾಸನೆಯ ಏಪ್ರನ್. ಅವಳು ಪೆನ್ನಿಗೆ ಮುಚ್ಚಳ ಹಾಕಿ, ಜೇಬಿಗೆ ಸೇರಿಸಿ, ಏಪ್ರನ್ ಕಟ್ಟಿಕೊಂಡು, ಮೊಣಕಾಲು ಮಡಚಿ ತೊಟ್ಟಿಯ ಮುಂದೆ ಕೂತಳು. ಬೆಳಗಿನ ಗಂಜಿಯ ತಟ್ಟೆಗಳು ರಾಶಿ ಬಿದ್ದಿದ್ದವು. ಒಂದೊಂದನ್ನೇ ಎತ್ತಿ, ತಿರುಗಿಸಿ ನೋಡಿ, ಮಗುವಿನ ಮುಖ ಒರೆಸುವ ಹಾಗೆ ಒರೆಸತೊಡಗಿದಳು.

"ಅಯ್ಯೋ ಅವ್ವ, ಹಿಂಗೆ ತೊಳೆದ್ರೆ ಮಕ್ಕಳು ಮುಂದಿನ ವರ್ಷ ಊಟ ಮಾಡ್ಬೇಕು," ಎಂದೆ.

ಅವಳು ನಕ್ಕಳು. ಬಾಯಿಗೆ ಸೋಪಿನ ಕೈ ಅಡ್ಡ ಹಿಡಿದು ನಕ್ಕಳು. ಮೂಗಿಯಲ್ಲ ಎಂದು ಅಲ್ಲಿಗೇ ಗೊತ್ತಾಯಿತು.

ಹೆಸರು ನೆಲಿಟಾ. ಫಿಲಿಪೀನ್ಸಿನವಳು, ಇಲೊಯಿಲೊ ಪಕ್ಕದ ಹಳ್ಳಿ. ಊರಲ್ಲಿ ಎಂಟು ವರ್ಷ, ನಮ್ಮ ಶಾಲೆಯಲ್ಲಿ ಮೂರು ವರ್ಷ, ಒಟ್ಟು ಹನ್ನೊಂದು ವರ್ಷ ಪಾಠ ಮಾಡಿದವಳು. ಮಕ್ಕಳಿಗೆ ಟೀಚರ್ ನೆಲಿ. ಅವಳ ಥಾಯ್ ಮಾತು ಚೆನ್ನಾಗಿಯೇ ಇತ್ತು, ಸ್ವರ ಮಾತ್ರ ಜಾರುತ್ತಿತ್ತು. ನಮ್ಮಲ್ಲಿ ಹತ್ತಿರಕ್ಕೂ ದೂರಕ್ಕೂ ಹೆಚ್ಚುಕಡಿಮೆ ಒಂದೇ ಪದ, ಸ್ವರ ಬೇರೆ, ಅವಳು ಹತ್ತಿರ ಎನ್ನಹೋಗಿ ದೂರ ಎನ್ನುತ್ತಿದ್ದಳು. "ನಮ್ಮ ರೂಮು ಶಾಲೆಗೆ ತುಂಬ ದೂರ, ದೊಡ್ಡಮ್ಮ, ಎರಡೇ ನಿಮಿಷ," ಎನ್ನುತ್ತಿದ್ದಳು. ಶಾಲೆಯ ಮಕ್ಕಳೆಲ್ಲ ನನ್ನನ್ನು ದೊಡ್ಡಮ್ಮ ಎನ್ನುತ್ತಾರೆ. ಅವಳೂ ಹಾಗೇ ಕರೆದಳು. ನನಗೆ ಐವತ್ತೆರಡು, ಅವಳಿಗೆ ಮೂವತ್ನಾಲ್ಕು. ಒಪ್ಪುತ್ತಿತ್ತು.

"ನಿನ್ನನ್ನ ಯಾಕವ್ವ ಬಚ್ಚಿಡ್ತಾರೆ? ಕಳ್ಳತನ ಮಾಡಿದ್ಯಾ?"

"ಪಾಠ ಮಾಡಿದೆ ದೊಡ್ಡಮ್ಮ."

"ಅದು ಕಳ್ಳತನಾನಾ?"

"ವೀಸಾ ಇಲ್ದೆ ಮಾಡಿದ್ರೆ ಹೌದು."

ಆಮೇಲೆ ತಟ್ಟೆ ತೊಳೆಯುತ್ತಾ ಎಲ್ಲ ಹೇಳಿದಳು. ಹೊರದೇಶದವರು ಇಲ್ಲಿ ಪಾಠ ಹೇಳಬೇಕಾದರೆ 'ಬಿ' ಎಂಬ ಅಕ್ಷರದ ವೀಸಾ ಬೇಕು. ಬಿ ಎಂದರೆ ಬಿಸಿನೆಸ್. ಅದಕ್ಕೆ ಶಾಲೆಯವರು ಪತ್ರ ಕೊಡಬೇಕು. ಪತ್ರ ಹಿಡಿದು ನದಿಯಾಚೆ ಲಾವೋಸಿನ ಸವನ್ನಖೇತ್‌ಗೆ ಹೋಗಬೇಕು. ಅಲ್ಲಿ ನಮ್ಮ ಥಾಯ್ ದೇಶದ ಕಚೇರಿಯಿದೆ, ಅಲ್ಲಿ ವೀಸಾ ಸಿಗುತ್ತದೆ. ವಾಪಸ್ ಬಂದ ಮೇಲೆ ಕೆಲಸದ ಪರವಾನಗಿ. ಪತ್ರವಿಲ್ಲದಿದ್ದರೆ ಯಾವುದೂ ಇಲ್ಲ. ಬರೀ ಪ್ರವಾಸಿ. ಪ್ರವಾಸಿ ನೋಡಬಹುದು, ತಿನ್ನಬಹುದು, ಕೈ ಎತ್ತಿ ಬೋರ್ಡಿನ ಮೇಲೆ ಬರೆಯುವ ಹಾಗಿಲ್ಲ.

"ಬಿಸಿನೆಸ್ಸು! ಏನು ಮಾರ್ತೀಯೆ ನೀನು?"

"ಎ, ಬಿ, ಸಿ, ಡಿ ಮಾರ್ತೀನಿ."

"ತೂಕಕ್ಕೋ, ಎಣಿಕೆಗೋ?"

"ಸಗಟು ದೊಡ್ಡಮ್ಮ. ಒಂದು ಕ್ಲಾಸಿಗೆ ನಲವತ್ತೆಂಟು ಗಿರಾಕಿ."

ಶಾಲೆ ಪತ್ರ ಕೊಟ್ಟಿರಲಿಲ್ಲ. ಮೂರು ವರ್ಷದಿಂದ ಕೊಟ್ಟಿರಲಿಲ್ಲ. ಪ್ರತಿ ಟರ್ಮಿನಲ್ಲೂ 'ಮುಂದಿನ ಟರ್ಮ್' ಎನ್ನುತ್ತಿದ್ದರು. ಅವಳು ಮೂರು ತಿಂಗಳಿಗೊಮ್ಮೆ ವ್ಯಾನಿನಲ್ಲಿ ಮುಕ್ದಾಹಾನ್ ಸೇತುವೆ ದಾಟಿ, ಆಚೆ ದಡದಲ್ಲಿ ಎರಡು ದಿನ ಕಳೆದು, ಹೊಸ ಪ್ರವಾಸಿ ವೀಸಾ ಹೊಡೆಸಿಕೊಂಡು ಬರುತ್ತಿದ್ದಳು. ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ನಿಲ್ಲುತ್ತಿದ್ದಳು. ಹೋಗಿಬಂದ ಖರ್ಚು ಅವಳದೇ. ರಜೆಯೂ ಅವಳ ಸಂಬಳದಲ್ಲೇ ಕಡಿತ.

ಶಾಲೆಗೆ ಪತ್ರ ಕೊಡಲು ಏನು ಕಷ್ಟ? ಕಷ್ಟವಿಲ್ಲ. ಪತ್ರ ಕೊಟ್ಟರೆ ಒಪ್ಪಂದ ಬರೆಯಬೇಕು. ರಜೆಯಲ್ಲೂ ಸಂಬಳ ಕೊಡಬೇಕು. ವಿಮೆ ಕಟ್ಟಬೇಕು. ಬೇಕಾದಾಗ ಹೊರಗೆ ಹಾಕುವಂತಿಲ್ಲ. ಕಾಗದವಿಲ್ಲದವಳು ಎದುರು ಮಾತಾಡಿದರೆ ಒಂದು ಫೋನ್ ಸಾಕು, ಅವಳೇ ದೇಶ ಬಿಟ್ಟು ಹೋಗುತ್ತಾಳೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ವಿಚಿಯನ್ ಹೇಳುತ್ತಿದ್ದುದು ಬೇರೆ. "ನೀವು ನಮ್ಮ ಮನೆಯವರಿದ್ದ ಹಾಗೆ ಟೀಚರ್. ಮನೆಯವರಿಗೆ ಕಾಗದ ಯಾಕೆ?"

ನನಗೂ ಒಂಬತ್ತು ವರ್ಷದಿಂದ ಇದನ್ನೇ ಹೇಳುತ್ತಿದ್ದ. ದಿನಗೂಲಿಯವಳು ನಾನು. ಮನೆಯವರು ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮುಸುರೆ ತಿಕ್ಕುವುದು ಯಾವಾಗಲೂ ಮನೆಯವರೇ.

ಪತ್ರವಿಲ್ಲದವಳು ಅವಳೊಬ್ಬಳೇ ಅಲ್ಲ. ಅವಳ ಊರಿನ ಕಡೆಯ ಇಬ್ಬರು ಟೀಚರ್ ಹುಡುಗಿಯರಿದ್ದರು, ಅವರನ್ನು ಗ್ರಂಥಾಲಯದ ಹಿಂದಿನ ಕೋಣೆಗೆ ಹಾಕಿ ಬೀಗ ಜಡಿಯುತ್ತಿದ್ದರು. ಕ್ಯಾಮರೂನ್ ದೇಶದ ಗಣಿತದ ಮೇಷ್ಟ್ರು ಬ್ಲೇಸ್ ಇದ್ದ. ಆರಡಿ ಎರಡಂಗುಲ. ಅವನನ್ನು ಆಟದ ಸಾಮಾನಿನ ಗೂಡಿಗೆ ತುಂಬುತ್ತಿದ್ದರು, ಚೆಂಡುಗಳ ನಡುವೆ ಮಂಡಿ ಮಡಚಿ. ಕ್ರೇಗ್ ಎಂಬ ಬಿಳಿಯನೂ ಇದ್ದ. ಅವನಿಗೂ ಪತ್ರವಿರಲಿಲ್ಲ. ಪದವಿಯೂ ಇರಲಿಲ್ಲ. ತನ್ನ ದೇಶದಲ್ಲಿ ಮನೆಗಳಿಗೆ ಹೆಂಚು ಹೊದಿಸುತ್ತಿದ್ದವನು. ಒಳ್ಳೆಯ ಹುಡುಗ, ಸುಳ್ಳು ಹೇಳಬಾರದು. ಜೀಪು ಬಂದಾಗ ಅವನನ್ನು ಎಲ್ಲಿ ಬಚ್ಚಿಡುತ್ತಿದ್ದರು ಗೊತ್ತೇ? ಎದುರಿನ ಕಾಫಿ ಅಂಗಡಿಯಲ್ಲಿ. ಏಸಿ ಕೆಳಗೆ. ಕಾಫಿಯ ದುಡ್ಡು ಶಾಲೆಯದು.

"ಅವನನ್ಯಾಕೆ ಇಲ್ಲಿಗೆ ಕಳಿಸಲ್ಲ?" ಎಂದು ನೆಲಿ ಕೇಳಿದಳು.

"ಅವನನ್ನ ನನ್ನ ತಂಗಿ ಮಗ ಅನ್ನೋಕೆ ಆಗ್ತದಾ?"

ಅದಕ್ಕೂ ನಕ್ಕಳು. ಆದರೆ ನಗು ಅರ್ಧಕ್ಕೇ ನಿಂತಿತು. "ಮ್ಯಾನೇಜರ್ ಏನಂದ್ರು ಗೊತ್ತಾ ದೊಡ್ಡಮ್ಮ? ನಿಮ್ಮ ಮುಖ ಒಂದು ಅನುಕೂಲ ಟೀಚರ್, ಎಲ್ಲಿ ಕೂರಿಸಿದ್ರೂ ಹೊಂದ್ಕೊಳ್ಳುತ್ತೆ, ಅಂದ್ರು."

ಕ್ರೇಗ್‌ಗೆ ಅವಳ ಎರಡರಷ್ಟು ಸಂಬಳ. ಅವಳು ಇಂಗ್ಲಿಷ್ ಬರುತ್ತದೆಂದು ಪರೀಕ್ಷೆ ಬರೆದು ತೋರಿಸಬೇಕಿತ್ತು. ಬರೆದಳು. ಒಂಬೈನೂರ ತೊಂಬತ್ತಕ್ಕೆ ಒಂಬೈನೂರ ಅರವತ್ತೈದು. ಅವನು ಬರೆಯಬೇಕಿರಲಿಲ್ಲ. ಅವನು ಹುಟ್ಟಿದ ಊರಿಗೇ ಪೂರ್ತಿ ಅಂಕ. "ನಾನವನಿಗೆ ಹೇಳಿದೆ," ಎಂದಳು ನೆಲಿ. "ನಮ್ಮನೆ ಮಾಡು ಚಂಡಮಾರುತಕ್ಕೆ ಹಾರಿ ಹೋಯ್ತು ಕಣಪ್ಪ. ಎರಡು ಕೋಣೆಗೆ ಹೊದಿಸಿದೀನಿ, ಮೂರನೇದಕ್ಕೆ ಇನ್ನೂ ಟಾರ್ಪಾಲು. ನೀನು ಇಲೊಯಿಲೊಗೆ ಹೋಗಿ ಹೆಂಚು ಹೊದಿಸು, ನಾನಿಲ್ಲಿ ಪಾಠ ಮಾಡ್ತೀನಿ. ಇಬ್ರಿಗೂ ಬರೋ ಕೆಲಸ ಮಾಡೋಣ."

"ಏನಂದ?"

"ಒಳ್ಳೇ ಯೋಚನೆ ಅಂದ. ನಿಜವಾಗ್ಲೂ ಯೋಚನೆ ಮಾಡ್ತಾ ಕೂತ, ಪಾಪ."

ಅವಳ ತಾಯಿ ಮತ್ತು ಹನ್ನೆರಡು ವರ್ಷದ ಮಗಳು ಆ ಎರಡು ಕೋಣೆಗಳಲ್ಲಿದ್ದರು.

ಎರಡನೆಯ ಸಲ ಜೀಪು ಬಂದದ್ದು ಜುಲೈಯಲ್ಲಿ. ಅವತ್ತು ಅಧಿಕಾರಿಗಳು ಬೇಗ ಹೋಗಲಿಲ್ಲ. ದೊಡ್ಡ ಮೇಡಂ ಅವರಿಗೆ ಊಟ ಹಾಕಿಸಿದರು. ದೊಡ್ಡ ಮೇಡಂ ಎಂದರೆ ಶಾಲೆಯ ಒಡತಿ, ಬ್ಯಾಂಕಾಕಿನವರು. ನಾನು ನಮ್ಮ ಸೀಮೆಯ ಲಾವೊ ಮಾತಾಡಿದರೆ ಮೂಗು ಮುರಿಯುತ್ತಾರೆ. ಅವತ್ತು ಅಡುಗೆಮನೆಯ ಬಾಗಿಲಿಗೆ ಬಂದು ನೆಲಿಯನ್ನು ಮೇಲಿಂದ ಕೆಳಗೆ ನೋಡಿದರು.

"ಬೆನ್ನು ಅಷ್ಟು ನೆಟ್ಟಗಿಟ್ಕೊಂಡು ಕೂರಬೇಡಿ ಟೀಚರ್. ಕೆಲಸದವರು ಹಾಗೆ ಕೂರಲ್ಲ."

ನೆಲಿ ಬೆನ್ನು ಬಗ್ಗಿಸಿದಳು. ನನ್ನ ಬೆನ್ನು ಒಂಬತ್ತು ವರ್ಷದಿಂದ ಬಗ್ಗಿಯೇ ಇತ್ತು. ಅವತ್ತು ಮೊದಲ ಸಲ ಅದು ನನಗೆ ತಿಳಿಯಿತು. ತಿಳಿದ ಮೇಲೆ ನೋಯತೊಡಗಿತು.

ನಾಲ್ಕು ಗಂಟೆ ಕೂತಿದ್ದಳು. ತಟ್ಟೆ ಮುಗಿದ ಮೇಲೆ ಮೀನು. ಮೀನು ಮುಗಿದ ಮೇಲೆ ಬೆಳ್ಳುಳ್ಳಿ. ನನ್ನ ಕತ್ತಿ ಅವಳ ಕೈಗೆ ಹೊಂದಲಿಲ್ಲ, ಹೆಬ್ಬೆರಳು ಕೊಯ್ದುಕೊಂಡಳು. ಮೂಗಿಯಾದ್ದರಿಂದ ಕಿರುಚಲಿಲ್ಲ. ರಕ್ತವನ್ನು ಏಪ್ರನ್ನಿಗೆ ಒರೆಸಿಕೊಂಡಳು. ಆ ಹೊತ್ತಿಗೆ ಶುಲ್ಕ ಕಟ್ಟಲು ಬಂದ ಒಬ್ಬ ತಾಯಿ ಹಿತ್ತಲ ದಾರಿಯಲ್ಲಿ ಹಾದು ಹೋದಳು. ನಿಂತು ನೋಡಿದಳು.

ಮರುದಿನ ಆ ತಾಯಿ ಕಚೇರಿಗೆ ಬಂದು ಕೂಗಾಡಿದಳಂತೆ. "ಇಷ್ಟು ಶುಲ್ಕ ತಗೊಂಡು ಮುಸುರೆಯವಳ ಕೈಲಿ ನಮ್ಮ ಮಕ್ಕಳಿಗೆ ಇಂಗ್ಲಿಷ್ ಕಲಿಸ್ತೀರಾ?"

ಏನು ಮಾಡಬಹುದಿತ್ತು? ಮುಸುರೆಯವಳಲ್ಲಮ್ಮ, ಟೀಚರು, ನಾವೇ ಕೂರಿಸಿದ್ದು ಎನ್ನಬಹುದಿತ್ತು. ಅನ್ನಲಿಲ್ಲ. ಮೊಗಸಾಲೆಯಲ್ಲಿದ್ದ ನೆಲಿಯ ಫೋಟೋ ಕಿತ್ತರು. ಆ ಜಾಗದಲ್ಲಿ ಕ್ರೇಗ್‌ನ ಫೋಟೋ ದೊಡ್ಡದು ಮಾಡಿ ಹಾಕಿದರು. ಕಿವಿಯಿಂದ ಕಿವಿಗೆ ನಗು. ಅವಳಿಗೆ ಇನ್ನುಮುಂದೆ ಮುಂಬಾಗಿಲಿಂದ ಬರಬೇಡಿ, ತಾಯಂದಿರು ನೋಡುತ್ತಾರೆ, ಅಡುಗೆಮನೆ ಕಡೆಯಿಂದ ಬನ್ನಿ ಎಂದರು.

ಅವಳು ದಿನವೂ ನನ್ನ ಬಾಗಿಲಿಂದ ಬರತೊಡಗಿದಳು. ಬೆಳಿಗ್ಗೆ ಏಳಕ್ಕೆ. ನಾನು ಅಂಟನ್ನದ ಒಂದು ಉಂಡೆ, ಸುಟ್ಟ ಮೀನಿನ ಒಂದು ತುಂಡು ಕೈಯಲ್ಲಿಡುತ್ತಿದ್ದೆ. ನಿಂತೇ ತಿಂದು, ಕೈ ತೊಳೆದು, ಕ್ಲಾಸಿಗೆ ಹೋಗುತ್ತಿದ್ದಳು.

"ಪತ್ರ ಕೇಳಿದ್ಯಾ?"

"ಕೇಳಿದೆ. ಮುಂದಿನ ಟರ್ಮ್ ಅಂದ್ರು."

"ಮುಂದಿನ ಜನ್ಮ ಅಂತ ಬಾಯಿ ತಪ್ಪಿ ಟರ್ಮ್ ಅಂದಿರ್ಬೇಕು."

ಮೂರನೆಯ ಸಲದ್ದು ಆಗಸ್ಟಿನ ಕೊನೆಯಲ್ಲಿ. ಜೀಪು ಯಾವಾಗಲೂ ಬೆಳಿಗ್ಗೆ ಬರುತ್ತಿತ್ತು, ಕಾವಲುಗಾರ ಮೊದಲೇ ಫೋನ್ ಮಾಡುತ್ತಿದ್ದ. ಅವತ್ತು ಮಧ್ಯಾಹ್ನ ಹನ್ನೆರಡಕ್ಕೆ ಬಂತು. ಕಾವಲುಗಾರ ಊಟಕ್ಕೆ ಕೂತಿದ್ದ. ಬ್ಲೇಸ್‌ನನ್ನು ಗೂಡಿಗೆ ತುಂಬಿದರು. ಹುಡುಗಿಯರಿಗೆ ಬೀಗ ಜಡಿದರು. ಕ್ರೇಗ್ ಕಾಫಿಗೆ ಹೋದ. ನೆಲಿಯನ್ನು ವಿಚಿಯನ್ ತೋಳು ಹಿಡಿದು ತಂದು ನನ್ನ ಪಕ್ಕ ನಿಲ್ಲಿಸಿ ಏಪ್ರನ್ ತೊಡಿಸಿ ಸೌಟು ಕೊಟ್ಟ. ಊಟದ ಹೊತ್ತು. ಚಾವಣಿಯ ಕೆಳಗೆ ಉದ್ದನೆಯ ಬೆಂಚುಗಳ ಮೇಲೆ ಮಕ್ಕಳು ಆಗತಾನೆ ಬಂದು ಕೂರುತ್ತಿದ್ದರು.

ಅದನ್ನು ಯಾರೂ ಯೋಚಿಸಿರಲಿಲ್ಲ. ಹಿಂದಿನ ಎರಡು ಸಲವೂ ಅವಳು ಒಳಗೆ ತೊಟ್ಟಿಯ ಮುಂದಿದ್ದಳು, ಮಕ್ಕಳ ಕಣ್ಣಿಗೆ ಬಿದ್ದಿರಲಿಲ್ಲ.

ಇಬ್ಬರು ಅಧಿಕಾರಿಗಳು ಬಂದರು. ಒಬ್ಬ ವಯಸ್ಸಾದವನು, ಕನ್ನಡಕ, ಕಂಕುಳಲ್ಲಿ ಕಡತ. ಇನ್ನೊಬ್ಬ ಎಳೆಯ. ಜೊತೆಗೆ ದೊಡ್ಡ ಮೇಡಂ, ವಿಚಿಯನ್. ನೆಲಿ ತಲೆ ತಗ್ಗಿಸಿ ಅನ್ನ ಬಡಿಸುತ್ತಿದ್ದಳು. ಒಂದನೇ ತರಗತಿಯ ಸಾಲು ಹತ್ತಿರ ಬಂತು. ಮೊದಲ ಮಗು ತಲೆ ಎತ್ತಿ ನೋಡಿತು. ಅಷ್ಟೇ.

ಮಕ್ಕಳಿಗೆ ಒಂದು ಅಭ್ಯಾಸ ಮಾಡಿಸಿರುತ್ತಾರೆ. ಇಂಗ್ಲಿಷ್ ಟೀಚರ್ ಕಂಡ ಕೂಡಲೇ ಎದ್ದು ನಿಂತು ಹೇಳಬೇಕು. ಮೊದಲು ಆ ಸಾಲು ಹೇಳಿತು. ಆಮೇಲೆ ಬೆಂಚಿನಲ್ಲಿ ಕೂತಿದ್ದವರೂ ಎದ್ದರು. ಎರಡನೇ ತರಗತಿ ಎದ್ದಿತು. ಮೂರನೆಯದೂ ಎದ್ದಿತು. ನಡು ಮಧ್ಯಾಹ್ನದಲ್ಲಿ ನೂರೈವತ್ತು ಮಕ್ಕಳು ತಟ್ಟೆ ಹಿಡಿದು ಒಂದೇ ಕೊರಳಲ್ಲಿ ಕೂಗಿದವು.

"ಗುಡ್ ಮಾರ್ನಿಂಗ್, ಟೀ—ಚರ್!"

ತಗಡಿನ ಚಾವಣಿ ಅದುರಿತು. ನನಗೆ ನಗು ತಡೆಯಲಾಗಲಿಲ್ಲ. ಪಾತ್ರೆಯ ಮುಚ್ಚಳ ಅಡ್ಡ ಹಿಡಿದೆ.

ಕನ್ನಡಕದ ಅಧಿಕಾರಿ ತಿರುಗಿದ. "ಯಾರಿವರು?"

"ಮುಸುರೆಯವಳು ಸಾರ್," ಎಂದ ವಿಚಿಯನ್. "ಈ ಅಡುಗೆಯವಳ ತಂಗಿ ಮಗಳು. ಪಾಪ, ಮೂಗಿ. ಮಕ್ಕಳು ಎಲ್ರಿಗೂ ಟೀಚರ್ ಅಂತಾವೆ. ನಾಯಿಗೂ ಅಂತಾವೆ."

ಸಾಲಿನ ಮುಂದಿದ್ದದ್ದು ಫಾಯ್ ಎಂಬ ಹುಡುಗಿ. ಏಳು ವರ್ಷ. ಮುಂದಿನ ಎರಡು ಹಲ್ಲಿಲ್ಲ. ಅವಳಿಗೆ ತಪ್ಪು ಕಂಡರೆ ತಿದ್ದದೆ ಇರಲಾಗದು.

"ಅಲ್ಲ!" ಎಂದಳು. "ಇವರು ಟೀಚರ್ ನೆಲಿ. ಮೂಗಿ ಅಲ್ಲ. ನಿನ್ನೆ ಹಾಡು ಹೇಳಿಕೊಟ್ರು."

"ಸುಮ್ನಿರು."

"ಹೇಳಿಕೊಟ್ರು!"

ವಿಚಿಯನ್ ಬಗ್ಗಿ ಆ ಮಗುವಿನ ಭುಜ ಹಿಡಿದ. ನಗುತ್ತಲೇ ಹಿಡಿದ. ಬೆರಳು ಮಾತ್ರ ಬೆಳ್ಳಗಾಗಿದ್ದವು. "ದೊಡ್ಡವರ ಮುಂದೆ ಸುಳ್ಳು ಹೇಳ್ತೀಯಾ? ಕೈ ಮುಗಿ. ಸುಳ್ಳು ಹೇಳಿದೆ, ತಪ್ಪಾಯ್ತು ಅನ್ನು ಸಾರ್‌ಗೆ."

ಮಗು ತಟ್ಟೆ ಕೆಳಗಿಟ್ಟಿತು. ನೆಲಿಯ ಮುಖ ನೋಡಿತು. ವಿಚಿಯನ್ ಮುಖ ನೋಡಿತು. ಎರಡೂ ಕೈ ಜೋಡಿಸಿ ಹಣೆಗೆ ಎತ್ತಿತು. ಬಾಯಿ ತೆರೆಯಿತು.

ಸೌಟು ಕೊಳಗಕ್ಕೆ ಬಿದ್ದ ಸದ್ದಾಯಿತು.

ನೆಲಿ ಏಪ್ರನ್ ಬಿಚ್ಚಿದಳು. ಗಂಟು ಬಿಚ್ಚಲಿಲ್ಲ, ತಲೆಯ ಮೇಲಿಂದ ಎಳೆದಳು. ಮುಂದೆ ಬಂದು ಮಗುವಿನ ಎರಡೂ ಕೈ ಹಿಡಿದು ಕೆಳಗಿಳಿಸಿದಳು. ಆಮೇಲೆ ನೆಟ್ಟಗೆ ನಿಂತಳು. ನೂರೈವತ್ತು ಮಕ್ಕಳೂ ಇನ್ನೂ ನಿಂತೇ ಇದ್ದವು, ಉತ್ತರ ಬರುವ ತನಕ ಕೂರುವಂತಿಲ್ಲವಲ್ಲ.

"ಗುಡ್ ಮಾರ್ನಿಂಗ್, ಸ್ಟೂಡೆಂಟ್ಸ್," ಎಂದಳು. "ಸಿಟ್ ಡೌನ್, ಪ್ಲೀಸ್."

"ಥ್ಯಾಂಕ್ ಯು, ಟೀ—ಚರ್!"

ಕೂತವು. ಊಟ ಶುರು ಮಾಡಿದವು.

ಅವಳು ಅಧಿಕಾರಿಯ ಕಡೆ ತಿರುಗಿದಳು. "ಈ ಮಗು ಸುಳ್ಳು ಹೇಳಿಲ್ಲ ಸಾರ್. ನಾನು ಇವರ ಟೀಚರ್. ಮೂರು ವರ್ಷದಿಂದ."

"ಇವಳಿಗೆ ತಲೆ ಸರಿಯಿಲ್ಲ," ಎಂದ ವಿಚಿಯನ್.

"ಈಗ ತಾನೇ ಮೂಗಿ ಅಂದ್ರಿ," ಎಂದ ಎಳೆಯ ಅಧಿಕಾರಿ.

ಕನ್ನಡಕದವನು ನನ್ನ ಕಡೆ ನೋಡಿದ. "ನೀನು ಹೇಳಮ್ಮ. ಇವಳು ನಿನ್ನ ಕೈಕೆಳಗೆ ಕೆಲಸ ಮಾಡೋಳಾ?"

ದೊಡ್ಡ ಮೇಡಂ ನನ್ನನ್ನೇ ನೋಡುತ್ತಿದ್ದರು. ನನ್ನ ಗಂಡನ ಕಾಲು ಹೋಗಿ ಆರು ವರ್ಷ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಹೌದು ಸಾರ್ ಎನ್ನುವ ಎರಡು ಮಾತು ನಾಲಿಗೆಯ ಮೇಲೇ ಇತ್ತು. ಒಂಬತ್ತು ವರ್ಷದಿಂದ ಅದನ್ನೇ ಹೇಳಿ ಅಭ್ಯಾಸ.

"ಸಾರ್," ಎಂದೆ, "ಇವಳು ತೊಳೆದ ತಟ್ಟೆ ನೋಡ್ಬೇಕಿತ್ತು ನೀವು. ಅಂಚಲ್ಲೆಲ್ಲ ಸೋಪು ಹಂಗೇ ಇರ್ತಿತ್ತು. ಇಷ್ಟು ಕೆಟ್ಟದಾಗಿ ಪಾತ್ರೆ ತೊಳೆಯೋಳನ್ನ ನಾನು ಕೆಲಸಕ್ಕೆ ಇಟ್ಕೋತೀನಾ? ಟೀಚರ್ ಆಗಿರೋದಕ್ಕೆ ಬಚಾವಾದ್ಲು."

ಎಳೆಯ ಅಧಿಕಾರಿ ಕಿಸಕ್ಕನೆ ನಕ್ಕುಬಿಟ್ಟ. ಕನ್ನಡಕದವನು ಅವನನ್ನು ದುರುಗುಟ್ಟಿ ನೋಡಿದ. ನನ್ನ ಕೆಲಸ ಹೋಯಿತೆಂದು ದೊಡ್ಡ ಮೇಡಂ ಮುಖ ನೋಡಿಯೇ ಗೊತ್ತಾಯಿತು.

ನಮ್ಮಿಬ್ಬರನ್ನೂ ಪಟ್ಟಣದ ವಲಸೆ ಕಚೇರಿಗೆ ಕರೆದೊಯ್ದರು. ನಾನು ಸಾಕ್ಷಿ. ಜೀಪಿನಲ್ಲಿ ನೆಲಿ ನನ್ನ ಕೈ ಹಿಡಿದುಕೊಂಡಿದ್ದಳು.

"ಭಯ ಆಗ್ತಿದ್ಯಾ?"

"ತುಂಬ. ದೊಡ್ಡಮ್ಮ, ನಿಜವಾಗ್ಲೂ ಸೋಪು ಉಳೀತಿತ್ತಾ?"

"ಎರಡು ಸಲಾನೂ ನೀನು ಹೋದ್ಮೇಲೆ ನಾನು ಮತ್ತೆ ತೊಳೆದೆ."

ಕಚೇರಿಯಲ್ಲಿ ವಿಚಿಯನ್ ನಮಗಿಂತ ಮೊದಲೇ ಕೂತಿದ್ದ. ದಾರಿಯಲ್ಲೇ ಹೊಸ ಕಥೆ ಕಟ್ಟಿದ್ದ. ಈಕೆ ಪ್ರವಾಸಿ, ಶಾಲೆ ನೋಡಲು ಬಂದಿದ್ದರು, ಮಕ್ಕಳ ಮೇಲಿನ ಪ್ರೀತಿಗೆ ಅನ್ನ ಬಡಿಸಿದರು, ಅಷ್ಟೇ.

"ಪ್ರವಾಸಿ," ಎಂದ ಕನ್ನಡಕದವನು. "ದೇವಸ್ಥಾನ ಬಿಟ್ಟು ನಿಮ್ಮ ಅಡುಗೆಮನೆ ನೋಡೋಕೆ ಬಂದಿದ್ರಾ?"

ಆದರೂ ಅವನು ಎರಡು ಹಾಳೆ ಮುಂದಿಟ್ಟ. ಅವನು ಕೆಟ್ಟವನಲ್ಲ, ದಣಿದವನು. ಬೇಗ ಮುಗಿದರೆ ಸಾಕು ಅವನಿಗೆ.

"ನೋಡಮ್ಮ. ಇದರಲ್ಲಿ ಪ್ರವಾಸಿ ಅಂತಿದೆ. ಇದಕ್ಕೆ ಸಹಿ ಮಾಡಿದ್ರೆ ಏಳು ದಿನದಲ್ಲಿ ಹೊರಡಬೇಕು, ಅಷ್ಟೇ. ಮುಂದಿನ ತಿಂಗಳು ಬೇಕಾದ್ರೆ ಮತ್ತೆ ಬಾ. ಇದರಲ್ಲಿ ಪರವಾನಗಿ ಇಲ್ದೆ ಟೀಚರ್ ಕೆಲಸ ಅಂತ ಬರೀಬೇಕು. ಬರೆದ್ರೆ ದಂಡ. ಗಡೀಪಾರು. ಎರಡು ವರ್ಷ ಇಲ್ಲಿ ಕೆಲಸ ಕೇಳೋ ಹಾಗಿಲ್ಲ. ಶಾಲೆ ಮೇಲೂ ಕೇಸು."

ವಿಚಿಯನ್ ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡ. ದನಿ ಬೆಣ್ಣೆಯಾಗಿತ್ತು. "ಟೀಚರ್, ಮೊದಲನೇದಕ್ಕೆ ಸಹಿ ಮಾಡಿ. ಮುಂದಿನ ಟರ್ಮ್ ನಿಮ್ಮ ಪತ್ರ ಖಂಡಿತ. ನನ್ನ ತಾಯಾಣೆ. ಮಗಳ ಮುಖ ನೆನಪು ಮಾಡ್ಕೊಳ್ಳಿ."

ಮಗಳ ಮಾತು ತೆಗೆಯಬಾರದಿತ್ತು ಅವನು.

ನೆಲಿ ಎರಡೂ ಹಾಳೆಗಳನ್ನು ಎಳೆದು ಪಕ್ಕಪಕ್ಕ ಇಟ್ಟಳು. ನಾನೂ ಒಳಗೊಳಗೇ ಮೊದಲನೆಯದಕ್ಕೆ ಮಾಡಿಬಿಡೇ, ಹೋಗಿ ಬಾರೇ ಎನ್ನುತ್ತಿದ್ದೆ. ಅದು ನಿಜ, ಮುಚ್ಚಿಡುವುದಿಲ್ಲ.

"ಸಾರ್," ಎಂದಳು ಕೊನೆಗೆ, "ಹನ್ನೊಂದು ವರ್ಷದಿಂದ ನಾನು ಒಂದೇ ಕೆಲಸ ಮಾಡಿರೋದು. ನನಗೆ ಬರೋದೂ ಅದೊಂದೇ. ಪಾತ್ರೆ ತೊಳೆಯೋಕೆ ಬರಲ್ಲ ಅಂತ ದೊಡ್ಡಮ್ಮ ಹೇಳಿದ್ರಲ್ಲ. ಆ ಮಗೂನ ಸುಳ್ಳಿ ಮಾಡೋಕೆ ಬಿಡ್ಲಿಲ್ಲ. ಈಗ ನಾನೇ ಸುಳ್ಳಿ ಆಗ್ಲಾ?"

ಎರಡನೆಯ ಹಾಳೆ ಎಳೆದುಕೊಂಡಳು. ಉದ್ಯೋಗ ಎಂಬ ಜಾಗದಲ್ಲಿ ಟೀಚರ್ ಎಂದು ಬರೆದಳು. ಅವಳ ಅಕ್ಷರ ಮುತ್ತಿನಂತೆ. ಕೆಲಸ ಕೊಟ್ಟವರು ಎಂಬಲ್ಲಿ ಶಾಲೆಯ ಪೂರ್ತಿ ಹೆಸರು, ವಿಚಿಯನ್‌ನ ಪೂರ್ತಿ ಹೆಸರು. ಎಷ್ಟು ಕಾಲ ಎಂಬಲ್ಲಿ ಮೂರು ವರ್ಷ. ಎಷ್ಟು ಸಲ ಪತ್ರ ಕೇಳಿದೆ ಎಂಬುದಕ್ಕೆ ಹಾಳೆಯಲ್ಲಿ ಜಾಗವೇ ಇರಲಿಲ್ಲ. ಹಿಂಬದಿಗೆ ತಿರುಗಿಸಿ ಬರೆದಳು.

ವಿಚಿಯನ್ ಎದ್ದು ಹೋದ. ತಾಯಾಣೆಯನ್ನು ಮೇಜಿನ ಮೇಲೆ ಬಿಟ್ಟು ಹೋದ.

ಅವಳನ್ನು ಒಂಬತ್ತು ದಿನ ಇಟ್ಟುಕೊಂಡು, ನ್ಯಾಯಾಲಯದಲ್ಲಿ ದಂಡ ಹಾಕಿ, ವಿಮಾನ ಹತ್ತಿಸಿದರು. ನನಗೆ ಅಷ್ಟು ದಿನ ಬೇಕಾಗಲಿಲ್ಲ. ಅದೇ ಸಂಜೆ ಶಾಲೆಗೆ ವಾಪಸ್ ಹೋದಾಗ ಅಡುಗೆಮನೆಗೆ ಬೇರೆ ಬೀಗ ಬಿದ್ದಿತ್ತು. ನಾಳೆಯಿಂದ ಬರಬೇಡ ಎಂದು ಕಾವಲುಗಾರನ ಬಾಯಲ್ಲಿ ಹೇಳಿಸಿದರು. ಮನೆಯವಳಲ್ಲವೇ, ಕಾಗದ ಬೇಕಿರಲಿಲ್ಲ. ಒಳಗೆ ನನ್ನದೊಂದು ಒರಳು, ಒನಕೆ ಇತ್ತು, ನನ್ನ ತಾಯಿಯದು. ಅದನ್ನು ಕೊಡುವ ತನಕ ಗೇಟಿನಲ್ಲಿ ಕೂತು ಲಾವೊ ಭಾಷೆಯಲ್ಲಿ ಬಯ್ದೆ. ಲಾವೊದಲ್ಲಿ ಬಯ್ಗುಳ ಬಹಳ ಸೊಗಸು. ತಾಯಂದಿರು ಮಕ್ಕಳನ್ನು ಕರೆದೊಯ್ಯಲು ಬರುವ ಹೊತ್ತು. ಹತ್ತು ನಿಮಿಷದಲ್ಲಿ ಒರಳು ಹೊರಗೆ ಬಂತು.

ಮೂರು ದಿನದ ಮೇಲೆ ಅದೇ ಗೇಟಿನ ಎದುರು, ಕಾಫಿ ಅಂಗಡಿಯ ಪಕ್ಕ, ಹಸಿ ಪಪ್ಪಾಯಿಯ ಖಾರದ ಕೋಸಂಬರಿ ಕುಟ್ಟಿ ಮಾರಲು ಕೂತೆ. ಮೇಜು ಬಾಡಿಗೆಯದು, ಒರಳು ನನ್ನದು. ಮೊದಲ ಗಿರಾಕಿ ಕ್ರೇಗ್. ತಲೆ ತಗ್ಗಿಸಿ ಬಂದು ಒಂದು ತಟ್ಟೆ ಕೇಳಿದ.

"ಖಾರ ಎಷ್ಟಪ್ಪ?"

"ದೊಡ್ಡಮ್ಮ ಎಷ್ಟು ಅಂದ್ರೆ ಅಷ್ಟು."

ಹತ್ತು ಮೆಣಸಿನಕಾಯಿ ಹಾಕಿದೆ. ಕಣ್ಣು ಮೂಗು ಸುರಿಸುತ್ತಾ ಪೂರ್ತಿ ತಿಂದ. ಆಮೇಲೆ ಹೇಳಿದ. "ನಾಳೆ ನಾವು ಮ್ಯಾನೇಜರ್ ರೂಮಲ್ಲಿ ಕೂರ್ತೀವಿ. ಪತ್ರ ಕೊಡೋ ತನಕ ಕ್ಲಾಸಿಗೆ ಹೋಗಲ್ಲ. ಬ್ಲೇಸ್ ಅಂದ, ಆ ಗೂಡಿಗೆ ಇನ್ನೊಂದ್ಸಲ ಹೋಗಲ್ಲ, ಮಂಡಿ ಹೋಯ್ತು ಅಂತ."

"ನಿನ್ನ ಮಂಡಿಗೆ ಏನಾಗಿದೆ? ನೀನು ಕಾಫಿ ಕುಡಿದವನು."

ಅವನು ದುಡ್ಡು ಮೇಜಿನ ಮೇಲಿಟ್ಟು ಎದ್ದ. ಮಾರನೇ ದಿನ ಹೋಗಿ ಕೂತ.

ನಾಲ್ಕು ಜನ ಕೂತರು. ಬ್ಲೇಸ್, ಇಬ್ಬರು ಹುಡುಗಿಯರು, ಕ್ರೇಗ್. ಮಧ್ಯಾಹ್ನ ನಾನು ಪಪ್ಪಾಯಿ, ಅಂಟನ್ನ ಬುಟ್ಟಿಯಲ್ಲಿಟ್ಟುಕೊಂಡು ಮುಂಬಾಗಿಲಿಂದಲೇ ಒಳಗೆ ಹೋದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಬಾಗಿಲಿಂದ. ನೆಲ ನುಣ್ಣಗಿತ್ತು, ಜಾರಿದೆ.

"ನಿನ್ನನ್ನ ಕೆಲಸದಿಂದ ತೆಗೆದಾಯ್ತಲ್ಲ, ಹೇಗೆ ಒಳಗೆ ಬಂದೆ?" ಎಂದ ವಿಚಿಯನ್.

"ಕೆಲಸಕ್ಕೆ ಬಂದಿಲ್ಲಪ್ಪ. ಬಿಸಿನೆಸ್ಸಿಗೆ ಬಂದೀನಿ. ನಿನಗೂ ಒಂದು ತಟ್ಟೆ ಕೊಡ್ಲಾ?"

ಶಾಲೆಯ ಮೇಲೆ ಕೇಸು ಬಿದ್ದಿತ್ತು, ಜೀಪಿನವರು ಮತ್ತೆ ಯಾವಾಗ ಬರುತ್ತಾರೋ ಎಂಬ ಭಯ ಅವನಿಗಿತ್ತು. ಪರೀಕ್ಷೆ ಹತ್ತಿರ ಬಂದಿತ್ತು. ನಾಲ್ಕು ಕ್ಲಾಸಿನ ಮಕ್ಕಳು ಮೊಗಸಾಲೆಯಲ್ಲಿ ಕುಣಿಯುತ್ತಿದ್ದವು. ಎರಡನೆಯ ದಿನ ಮೂರು ಗಂಟೆಗೆ ದೊಡ್ಡ ಮೇಡಂ ನಾಲ್ಕು ಪತ್ರಕ್ಕೂ ಸಹಿ ಮಾಡಿದರು. ಪೆನ್ನು ಹಾಳೆ ಹರಿಯುವಷ್ಟು ಒತ್ತಿ ಮಾಡಿದರು. ನಾಲ್ವರೂ ಒಂದೇ ವ್ಯಾನಿನಲ್ಲಿ ಸವನ್ನಖೇತ್‌ಗೆ ಹೋಗಿ ಬಿ ವೀಸಾ ತಂದರು. ಐದನೆಯವಳು ಆ ವ್ಯಾನಿನಲ್ಲಿರಲಿಲ್ಲ. ಇದನ್ನು ನೆನೆದಾಗಲೆಲ್ಲ ನನ್ನ ಒನಕೆಯ ಏಟು ಜೋರಾಗುತ್ತದೆ. ಪಪ್ಪಾಯಿ ನುಚ್ಚಾಗುತ್ತದೆ.

ನೆಲಿಗೆ ಊರಲ್ಲಿ ಟೀಚರ್ ಕೆಲಸ ಸಿಗಲಿಲ್ಲ. ಐದು ತಿಂಗಳು ಅಂಗಡಿಯೊಂದರಲ್ಲಿ ಬಟ್ಟೆ ಮಡಚಿದಳು. ಆಮೇಲೆ ಕಾಂಬೋಡಿಯಾಗೆ ಹೋದಳು. ಅಲ್ಲೂ ಪಾಠ ಹೇಳುವವರಿಗೆ ಕೊಡುವುದನ್ನು ಬಿಸಿನೆಸ್ ವೀಸಾ ಎಂದೇ ಕರೆಯುತ್ತಾರಂತೆ. ಮೊನ್ನೆ ಬೆಳಿಗ್ಗೆ ನಾನು ಮೇಜು ಒರೆಸುತ್ತಿದ್ದಾಗ ಫೋನ್ ಮಾಡಿದಳು.

"ದೊಡ್ಡಮ್ಮ, ಶಾಲೆ ಸಿಕ್ತು."

"ಕಾಗದ?"

"ಮೊದಲನೇ ದಿನ ಹೋದೆ. ಮೊದಲು ಕ್ಲಾಸ್ ತಗೊಳ್ಳಿ, ಕಾಗದ ಆಮೇಲೆ ಮಾಡ್ಸೋಣ ಅಂದ್ರು."

"ನೀನೇನಂದೆ?"

"ಕಾಗದ ಬರ್ಲಿ, ಅಲ್ಲೀತನಕ ಇಲ್ಲೇ ಕೂತಿರ್ತೀನಿ ಅಂದೆ. ಆಫೀಸಲ್ಲಿ ಚೀಲ ತೊಡೆ ಮೇಲಿಟ್ಕೊಂಡು ಕೂತೆ. ಮೂರು ದಿನ ಕೂತೆ. ಗುಮಾಸ್ತ ಪಾಪ, ದಿನಾ ಚಹಾ ಕೊಡ್ತಿದ್ದ."

"ನಾಕನೇ ದಿನ ಕೊಟ್ರಾ?"

"ಎಲ್ಲಿ ಕೊಡ್ತಾರೆ! ನಾಕನೇ ದಿನ ಎದ್ದು ರಸ್ತೆ ದಾಟಿ ಎದುರಿನ ಶಾಲೆಗೆ ಹೋದೆ. ಅಲ್ಲಿ ಕೊಟ್ರು. ನಿನ್ನೆ ಕೈಗೆ ಬಂತು."

"ಶಾಲೆ ರೂಮಿಗೆ ದೂರಾನಾ?" ಎಂದು ಕೇಳಿದೆ.

"ಹತ್ತಿರ," ಎಂದಳು. ಸ್ವರ ಸರಿಯಾಗಿತ್ತು.

ಅತ್ತ ಕಡೆ ಗಂಟೆ ಹೊಡೆಯಿತು. ಮಕ್ಕಳು ಕಿರುಚುತ್ತಾ ಓಡುವ ಸದ್ದು. ಇನ್ನೂ ಕೇಳಬೇಕಾದ್ದು ಬಹಳ ಇತ್ತು. ಮಗಳು ಹೇಗಿದ್ದಾಳೆ, ಏನು ತಿನ್ನುತ್ತೀಯೆ, ಅಲ್ಲಿಯವರು ಹೇಗೆ ಎಂದು.

"ಇಡ್ತೀನಿ ದೊಡ್ಡಮ್ಮ," ಎಂದಳು. "ಕ್ಲಾಸಿದೆ."